ಧಕ್ಕೆ ತಳ್ಳಿದ ಹದಿನೆಂಟು ನಿಮಿಷ

...ಇಲ್ಲ ಸಾರ್, ಹಡಗು ಬಂದು ನಿಲ್ಲೋ ಕಲ್ಲಿನ ಧಕ್ಕೆನ ತಳ್ಳಿದ್ದು ನಿಜ. ನಾನು ಇಲ್ಲ ಅನ್ನಲ್ಲ. ಆದ್ರೆ ಇಪ್ಪತ್ತು ನಿಮಿಷ ತಳ್ಳಿದ್ರು ಅಂತ ದೂರಿನಲ್ಲಿ ಬರೆದಿದ್ದಾರಲ್ಲ, ಅದು ಮಾತ್ರ ಶುದ್ಧ ಸುಳ್ಳು. ಹದಿನೆಂಟು! ಹದಿನೆಂಟೇ ನಿಮಿಷ. ಬೇಕಾದ್ರೆ... ಯಾಕ್ ಸಾರ್ ನಗ್ತಿದ್ದೀರಿ? ನಗಬೇಡಿ ಸಾರ್. ಇದು ಮನುಷ್ಯನ ಮರ್ಯಾದೆ ಪ್ರಶ್ನೆ.

ಕೂತ್ಕೊಳ್ಳಿ ಅಂದ್ರಾ? ಸರಿ, ನೀವು ಹೇಳಿದ್ಮೇಲೆ ಕೂತ್ಕೋತೀನಿ. ಸಾಹೇಬ್ರ ಎದುರು ಕೂತು ಅಭ್ಯಾಸ ಇಲ್ಲ, ಆದ್ರೂ... ಅಯ್ಯಯ್ಯೋ! ಏನಿಲ್ಲ, ಏನಿಲ್ಲ, ಏಳಬೇಡಿ ಸಾರ್! ಕಸದ ಬುಟ್ಟಿ. ಅಲ್ಲ, ಕಸದ ಬುಟ್ಟಿಗೂ ಕುರ್ಚಿಗೂ ಒಂದೇ ಹಸಿರು ಬಣ್ಣ ಬಳಿದಿಟ್ರೆ ಬಂದವನು ಏನ್ ಮಾಡಬೇಕು ಹೇಳಿ? ಹಾಂ, ಇದು ಕುರ್ಚಿ. ಕಾಲಿದೆ. ಈಗ ಸರಿ ಆಯ್ತು.

ನೀವು ಈ ಬಂದರಿಗೆ ಬಂದು ಎರಡು ತಿಂಗಳೂ ತುಂಬಿಲ್ಲ, ನನ್ನ ವಿಷಯ ನಿಮಗೆ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಸಾರ್! ಇಪ್ಪತ್ತೆಂಟು ವರ್ಷದಿಂದ, ದೊಡ್ಡ ಹಡಗು ತಳ್ಳೋ ಟಗ್ ದೋಣಿ ನಡೆಸ್ತಿದ್ದೀನಿ. ಎಣ್ಣೆ ಹಡಗು, ಕಬ್ಬಿಣದ ಹಡಗು, ಕಾರು ತುಂಬಿದ ಹಡಗು, ಒಂದ್ಸಲ ಬರೀ ಕುರಿ ತುಂಬಿದ ಹಡಗು... ಅಬ್ಬಾ, ಆ ವಾಸನೆ! ಎಲ್ಲಾನೂ ಧಕ್ಕೆಗೆ ತಂದು ಒರಗಿಸಿದ್ದು ಇದೇ ಕೈ. ನೀವು ಕೂತಿರೋ ಕುರ್ಚಿಯಲ್ಲಿ ಏಳು ಜನ ಬಂದರು ಸಾಹೇಬ್ರು ಕೂತು ಎದ್ದು ಹೋದ್ರು. ಒಬ್ರಾದ್ರೂ ನನ್ನ ಕರೆದು, ಏನಪ್ಪಾ ನೀನು ಧಕ್ಕೆ ತಳ್ಳಿದ್ಯಾ ಅಂತ ಕೇಳಿದ್ರಾ? ಇಲ್ಲ!

ಹಾಂ... ಅವರ ಕಾಲದಲ್ಲಿ ತಳ್ಳಿರಲಿಲ್ಲ. ಅದೂ ಸರಿನೇ.

ಮೊದಲಿಂದ ಹೇಳ್ತೀನಿ ಕೇಳಿ. ನಿನ್ನೆ ಬೆಳಿಗ್ಗೆ ಹತ್ತೂವರೆ. ಆರನೇ ಧಕ್ಕೆಗೆ ದೊಡ್ಡ ಕಂಟೇನರ್ ಹಡಗು ಬರೋದಿತ್ತು. ಮುನ್ನೂರು ಮೀಟರ್! ಊರಿಗೆ ಊರೇ ತೇಲ್ಕೊಂಡು ಬಂದ ಹಾಗೆ. ಹಡಗಿನ ಮೇಲೆ ಬಂದರಿನ ದಾರಿ ತೋರಿಸೋ ನಮ್ಮ ಪೈಲಟ್ ಸಾಹೇಬ್ರು, ಕೈಯಲ್ಲಿ ವಾಕಿಟಾಕಿ. ಹಡಗಿನ ಮೂತಿಗೆ ಒಂದು ಟಗ್, ಬಾಲಕ್ಕೆ ನಂದು. ಅವರು ತಳ್ಳು ಅಂದ್ರೆ ತಳ್ಳಬೇಕು, ನಿಲ್ಲು ಅಂದ್ರೆ ನಿಲ್ಲಬೇಕು. ಮದುವೆಯಾದ ಗಂಡಸಿಗೆ ಇದರಲ್ಲಿ ಹೊಸದೇನೂ ಇಲ್ಲ ಬಿಡಿ.

ಆದ್ರೆ ನಿನ್ನೆ ಏನಾಯ್ತು ಅಂದ್ರೆ... ಮಂಜು ಸಾರ್. ಅಂಥಾ ಮಂಜು! ಮೂಗಿನ ತುದಿ ಕಾಣ್ತಿರಲಿಲ್ಲ.

ಬಿಸಿಲಿತ್ತಾ?

ನಿಮ್ಮ ಆಫೀಸ್ ಕಡೆ ಬಿಸಿಲಿದ್ದಿರಬಹುದು. ನಮ್ಮ ಕಡೆ ಮಂಜು. ಸಮುದ್ರ ಅಂದ್ರೆ ಹಾಗೇ ಸಾರ್, ಒಂದು ಕಣ್ಣಲ್ಲಿ ಮಳೆ ಇನ್ನೊಂದು ಕಣ್ಣಲ್ಲಿ ಬಿಸಿಲು... ಮಂಜು ಇಲ್ಲವೇ ಇಲ್ಲ ಅಂತ ಹವಾಮಾನದವರು ಬರೆದು ಕೊಟ್ಟಿದ್ದಾರಾ? ಅವರೇನು ಬರೀತಾರೆ ಬಿಡಿ ಸಾರ್, ಅವರು ಮಳೆ ಅಂದ ದಿನ ಬಟ್ಟೆ ಒಣಗಿ ಗರಿಗರಿ ಆಗತ್ತೆ.

ಸರಿ, ಮಂಜು ಬಿಡೋಣ. ಪೈಲಟ್ ಸಾಹೇಬ್ರು ತಳ್ಳು ಅಂದ್ರು. ನಾನು ನಿಧಾನಕ್ಕೆ ಹೋಗಿ ಟಗ್ ಮೂತಿ ಇಟ್ಟೆ. ಮುಂದೆ ಬೂದು ಬಣ್ಣದ್ದು, ಎತ್ತರಕ್ಕೆ, ಉದ್ದಕ್ಕೆ. ಹಡಗೇ! ಇನ್ನೇನು? ತಳ್ಳಿದೆ. ಅಲ್ಲಾಡಲಿಲ್ಲ. ಅರ್ಧ ಶಕ್ತಿ ಕೊಟ್ಟೆ. ಊಹೂಂ. ಪೂರ್ತಿ ಕೊಟ್ಟೆ! ಹಿಂದೆ ನೊರೆ ಬೆಟ್ಟದ ಹಾಗೆ ಎದ್ದಿದೆ, ಇಂಜಿನ್ ಗುಡುಗ್ತಿದೆ, ನನ್ನ ಹಲ್ಲು ಕಟಕಟ ಅಂತಿದೆ, ಹಡಗು ಮಾತ್ರ ಒಂದು ಇಂಚು ಕದಲ್ತಿಲ್ಲ! ಪೈಲಟ್ ಸಾಹೇಬ್ರು ವಾಕಿಟಾಕಿಯಲ್ಲಿ ಕಿರಿಚ್ತಿದ್ದಾರೆ, ತಳ್ಳು ಮಾರಾಯ ತಳ್ಳು, ಎಲ್ಲಿದ್ದೀಯ ನೀನು? ನಾನು ಹೇಳಿದೆ, ಸಾರ್ ತಳ್ತಾನೇ ಇದ್ದೀನಿ, ನಿಮ್ಮ ಹಡಗು ವಿಪರೀತ ಭಾರ. ಲಂಗರು ಎತ್ತಿದ್ದೀರೋ ಇಲ್ವೋ ಒಂದ್ಸಲ ನೋಡಿ ಅಂದೆ.

ನಗಿ ಸಾರ್, ನಗಿ. ಹೊಟ್ಟೆ ಹಿಡ್ಕೊಂಡು ನಗಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪಾಪ ಅವರು ನಿಜವಾಗ್ಲೂ ಹೋಗಿ ಲಂಗರು ನೋಡಿಸಿದ್ರಂತೆ.

ಅದು ಏಳನೇ ಧಕ್ಕೆಯ ಗೋಡೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಹಡಗೂ ಬೂದು, ಗೋಡೆನೂ ಬೂದು. ಬಣ್ಣ ಬಳಿದವರನ್ನ ಕರೆಸಿ ಕೇಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಯಾಕೆ ಬರೆ ಹಾಕ್ತೀರಿ?

ಟಗ್‌ನಲ್ಲಿ ಇನ್ನೊಬ್ರು ಇದ್ರಲ್ಲ ಅಂತೀರಾ? ಇದ್ರು. ಇಂಜಿನ್ ಡ್ರೈವರ್. ನಾವು ಕಿವುಡಣ್ಣ ಅಂತೀವಿ, ಇಂಜಿನ್ ಸದ್ದಿಗೆ ಕಿವಿ ಹೋಗಿದೆ. ಅವನು ಕೆಳಗೆ ಇರ್ತಾನೆ, ಮೇಲೆ ಪ್ರಳಯ ಆದ್ರೂ ಗೊತ್ತಾಗಲ್ಲ. ನಾನಂತೂ ಹೇಳ್ತಾನೇ ಇದ್ದೀನಿ ಸಾರ್, ಟಗ್ ಕೆಲಸದವರಿಗೆ ಕಣ್ಣು, ಕಿವಿ ಸರಿಯಾಗಿ ಪರೀಕ್ಷೆ... ಕಿವಿ! ಕಿವಿ ಪರೀಕ್ಷೆ ಮಾಡಿಸಬೇಕು ಅಂದೆ. ಕಣ್ಣಿಗೆ ಯಾರೂ ಏನೂ ಅನ್ನಲಿಲ್ಲ.

ಟೀ ಅಂದ್ರಾ? ಕೊಡಿ ಸಾರ್, ಗಂಟಲು ಒಣಗಿದೆ... ಇದೇನು, ಪೆನ್ನುಗಳು ಸಿಕ್ತಿವೆ? ಓ, ಲೋಟ ಆ ಕಡೆ. ಸಿಕ್ತು, ಸಿಕ್ತು.

ಯಾರು? ಹೆಂಗಸು? ಯಾವ ಹೆಂಗಸು ಸಾರ್?

ವಾಕಿಟಾಕಿಯಲ್ಲಿ ಕೇಳಿದ್ದಾ... ಓ, ಅದಾ! ಅದು ನಮ್ಮತ್ತೆ. ಅಂದ್ರೆ ನನ್ನ ಹೆಂಡತಿ ತಾಯಿ. ದಿನಾ ಊಟದ ಡಬ್ಬಿ ತರ್ತಾರೆ, ಅಷ್ಟೇ. ಗೇಟಿನಲ್ಲಿ ಅವರಿಗೆ ಪಾಸ್ ಇದೆ, ಎಲ್ಲಾ ಕ್ರಮವಾಗಿದೆ. ಡಬ್ಬಿ ಕೊಡ್ತಾರೆ, ಹೋಗ್ತಾರೆ. ಕೊಡ್ತಾರೆ, ಹೋಗ್ತಾರೆ.

ಬೆಳಿಗ್ಗೆ ಎಂಟಕ್ಕೆ ಒಳಗೆ ಬಂದು ಸಂಜೆ ಐದಕ್ಕೆ ಆಚೆ ಹೋಗಿದ್ದಾರೆ ಅಂತ ಗೇಟಿನವನು ಬರೆದಿದ್ದಾನಾ? ದಿನಾನಾ? ಅಯ್ಯೋ, ಆ ಗೇಟಿನವನಿಗೆ ಬೇರೆ ಕೆಲಸ ಇಲ್ವಾ! ಅದು... ಗಾಳಿ ಸಾರ್. ಅವರಿಗೆ ಸಮುದ್ರದ ಗಾಳಿ ಅಂದ್ರೆ ಬಹಳ ಇಷ್ಟ. ಮೊಣಕಾಲು ನೋವಿಗೆ ಒಳ್ಳೇದಂತೆ. ಒಂದು ಮೂಲೇಲಿ ಸ್ಟೂಲ್ ಹಾಕ್ಕೊಂಡು ಕೂತಿರ್ತಾರೆ, ಅವರ ಪಾಡಿಗೆ ಅವರು.

ಸಲಿಗೆನಾ? ನಮ್ಮಿಬ್ಬರ ಮಧ್ಯೆನಾ? ಸಾರ್, ಅವರು ನನ್ನ ಹತ್ರ ಮಾತು ಬಿಟ್ಟು ಹದಿನಾರು ವರ್ಷ ಆಯ್ತು! ನಾನೂ ಅಷ್ಟೇ. ಯಾಕೆ ಅಂದ್ರೆ... ಬೇಡ ಬಿಡಿ, ನೀವು ನಗ್ತೀರಿ. ನಗಲ್ವಾ? ಆಣೆ? ಆವತ್ತು ಅವರಿಗೆ ಹೊಸ ಹಲ್ಲುಸೆಟ್ಟು ಬಂದಿತ್ತು. ಅತ್ತೆ, ಬನ್ನಿ, ಟಗ್‌ನಲ್ಲಿ ಒಂದು ಸುತ್ತು ಹಾಕಿಸ್ತೀನಿ ಅಂತ ಕರ್ಕೊಂಡು ಹೋದೆ. ಅವರು ಕಟಕಟೆ ಹಿಡ್ಕೊಂಡು, ಆಹಾ ಎಂಥಾ ಸಮುದ್ರ, ಅಂತ ಬಾಯಿ ತೆಗೆದ್ರು. ಅದೇ ಹೊತ್ತಿಗೆ ಖುಷಿಯಲ್ಲಿ ನಾನು ಹಾರ್ನ್ ಹೊಡೆದೆ. ಬೆಚ್ಚಿಬಿದ್ರು ನೋಡಿ! ಹಲ್ಲು ಹಾರಿ ನೀರಿಗೆ ಬಿತ್ತು. ಬಿದ್ದಿದ್ದು ತಪ್ಪಲ್ಲ ಸಾರ್, ನಾನು ನಕ್ಕಿದ್ದು ತಪ್ಪು.

ನೋಡಿ, ನೀವೂ ನಕ್ಕುಬಿಟ್ರಿ! ಸದ್ಯ ಅವರು ಹೊರಗೆ ಬೆಂಚ್ ಮೇಲೆ ಕೂತಿದ್ದಾರೆ, ಕೇಳಿಸಿದ್ರೆ ನಿಮ್ಮ ಹತ್ರಾನೂ ಮಾತು ಬಿಡ್ತಾರೆ.

ಆವತ್ತಿಂದ ನಮ್ಮನೇಲಿ ಮಾತೆಲ್ಲ ಸುತ್ತು ದಾರಿ. ಉಪ್ಪು ಬೇಕಾದ್ರೆ ನಾನು ಗೋಡೆಗೆ ಹೇಳ್ತೀನಿ, ಯಾರಾದ್ರೂ ಉಪ್ಪು ಕೊಡಬಹುದಿತ್ತು ಅಂತ. ಅವರು ಗಡಿಯಾರಕ್ಕೆ ಹೇಳ್ತಾರೆ, ಉಪ್ಪು ಕೆಲವರ ಕೈ ಪಕ್ಕದಲ್ಲೇ ಇದೆ ಅಂತ. ನನ್ನ ಹೆಂಡತಿ ಎದ್ದು ಹೋಗಿಬಿಡ್ತಾಳೆ.

ನಿನ್ನೆ ಅವರು ಬರೋದು ತಡ ಆಯ್ತು. ಗೇಟಿನಲ್ಲಿ ಲಾರಿಗಳ ಸಾಲು, ಒಳಗೆ ಬರೋಕೆ ದಾರಿ ಇಲ್ಲ. ಬಂದು ನೋಡ್ತಾರೆ, ನಾನು ಧಕ್ಕೆ ತಳ್ತಿದ್ದೀನಿ! ಸರಿಯಾಗಿ ನನ್ನ ತಲೆ ಮೇಲೆ, ಧಕ್ಕೆ ಅಂಚಲ್ಲಿ ನಿಂತು ಊಟದ ಚೀಲ ಬೀಸಿದ್ದಾರೆ. ಕೆಂಪು ಚೀಲ. ನಾನು ಹಡಗಿನ ಕ್ಯಾಪ್ಟನ್ ಬಾವುಟ ಬೀಸ್ತಿದ್ದಾರೆ ಅಂದ್ಕೊಂಡು... ಸಲ್ಯೂಟ್ ಹೊಡೆದೆ. ಆಮೇಲೆ ಅವರು ಪಕ್ಕದಲ್ಲಿದ್ದ ಹಗ್ಗ ಕಟ್ಟೋರ ಕೈಯಿಂದ ವಾಕಿಟಾಕಿ ಕಿತ್ಕೊಂಡು ಏನೋ ಒಂದು ಮಾತು ಅಂದ್ರು. ಅಷ್ಟೇ.

ಅದೂ ಬರೆದಿದೆಯಾ? ಓದಿ ಸಾರ್, ಓದಿ... ಹೂಂ. ಹೂಂ. ಹೌದು, ಇದೇ ಮಾತು. "ಧಕ್ಕೆ ಕಲ್ಲಿನದು, ಎಷ್ಟು ತಳ್ಳಿದ್ರೂ ಎಲ್ಲೂ ಹೋಗಲ್ಲ ಅಂತ ಆ ಟಗ್‌ನಲ್ಲಿ ಇರೋರಿಗೆ ಯಾರಾದ್ರೂ ಬುದ್ಧಿ ಹೇಳಿ." ನೋಡಿದ್ರಾ? ಆಗಲೂ ನನ್ನ ಹತ್ರ ಮಾತಾಡಲಿಲ್ಲ! ಇಡೀ ಬಂದರಿಗೆ ಹೇಳಿದ್ರು, ನನಗೆ ಹೇಳಲಿಲ್ಲ!

ಆಮೇಲೆ? ಆಮೇಲೆ ಅವರು ಏಣಿ ಇಳಿದು ಟಗ್‌ಗೆ ಬಂದ್ರು. ಅರವತ್ತೊಂಬತ್ತು ವರ್ಷ, ಎರಡೂ ಮೊಣಕಾಲು ನೋವು, ಆ ಕಬ್ಬಿಣದ ಏಣಿ... ಇರಲಿ. ನಾನು ಟಗ್ ತಿರುಗಿಸಿದೆ, ಹಡಗಿನ ಹತ್ರ ಹೋದೆ, ತಳ್ಳಿದೆ, ಹಡಗು ಧಕ್ಕೆಗೆ ಬಂತು. ಹೂವು ಇಟ್ಟ ಹಾಗೆ ಬಂತು ಸಾರ್! ಅದನ್ನ ಯಾರೂ ಬರೆದಿಲ್ವಾ? ಬರೆದಿದ್ದಾರಾ! ಪೈಲಟ್ ಸಾಹೇಬ್ರೇ? ಏನಂತ? "ಆ ಹೆಂಗಸಿನ ಸೂಚನೆಗಳು ಬಹಳ ಸ್ಪಷ್ಟವಾಗಿದ್ದವು..."

ಸೂಚನೆ ಏನ್ ಬಂತು ಸಾರ್ ಅದರಲ್ಲಿ! ವಾಕಿಟಾಕಿ ಇನ್ನೂ ಅವರ ಕೈಯಲ್ಲೇ ಇತ್ತು, ಗುಂಡಿ ಮೇಲೆ ಹೆಬ್ಬೆರಳು. ವಯಸ್ಸಾದವರು, ತಮಗೆ ತಾವೇ ಏನೋ ಗೊಣಗ್ತಾರೆ. ಬಲಗಡೆ ಹೋಗೋರು ಹೋಗಬಹುದು... ಈಗ ನಿಲ್ಲಿಸೋರು ನಿಲ್ಲಿಸಿದ್ರೆ ಎಲ್ಲರಿಗೂ ಕ್ಷೇಮ... ಗಾಳಿ ಹತ್ರ ಮಾತಾಡಿದ್ದು ಅದು. ಪೈಲಟ್ ಸಾಹೇಬ್ರು ಅದನ್ನ ಕೇಳ್ಕೊಂಡು ಹಡಗು ನಿಲ್ಲಿಸಿದ್ರೆ ಅದು ಅವರ ತಪ್ಪು! ಹೊಟ್ಟೆಗೆ ಏನಾದ್ರೂ ತಿಂದ್ಯೇನಪ್ಪಾ, ದನಿ ಯಾಕೆ ನಡುಗ್ತಿದೆ ಅಂತ ಅತ್ತೆ ಪೈಲಟ್ ಸಾಹೇಬ್ರನ್ನ ಕೇಳಿದ್ರು, ಅದು ನಿಜ. ಅವರು ಇಲ್ಲಮ್ಮ ಅಂದಿದ್ದೂ ನಿಜ.

ಅಬ್ಬಾ, ಈ ಹಾರ್ನ್! ಯಾವ ಹಡಗಪ್ಪ ಇದು, ಕಿಟಕಿ ಗಾಜೆಲ್ಲ ನಡುಗ್ತಿದೆ... ಹೊಡಿ, ಹೊಡಿ, ನಿಮ್ಮಪ್ಪಂದೇ ಹಾರ್ನು... ಮುಗೀತಾ? ಮುಗೀತು. ಎಲ್ಲಿದ್ದೆ ನಾನು?

ಹಾಂ. ಒಟ್ಟಿನಲ್ಲಿ ಹೇಳೋದು ಏನಂದ್ರೆ ಸಾರ್, ಇಪ್ಪತ್ತೆಂಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೆಲಸ ಮಾಡಿದ್ದೀನಿ. ಒಂದು ಸಣ್ಣ ತಪ್ಪು. ಕಲ್ಲಿನ ಗೋಡೆಗೆ ಏನೂ ಆಗಿಲ್ಲ, ಟಗ್‌ಗೆ ಕಟ್ಟಿದ ಎರಡು ಟೈರು ಹರಿದಿದೆ. ಒಂದು ಎಚ್ಚರಿಕೆ ಪತ್ರ ಕೊಟ್ಟು ಬಿಟ್ಟುಬಿಡಿ. ಏನಂತೀರಿ?

...ಸಾರ್?

ಏನೂ ಅನ್ನಲ್ವಾ? ಯೋಚನೆ ಮಾಡ್ತಿದ್ದೀರಿ. ಮಾಡಿ, ಮಾಡಿ. ದೊಡ್ಡವರು ಆತುರ ಪಡಬಾರದು.

...ಇಷ್ಟೊತ್ತು ನಗ್ತಿದ್ರಿ, ಈಗ ನಗ್ತಾನೂ ಇಲ್ವಲ್ಲ. ನೀವು ನಗ್ತಿದ್ದಾಗಲೇ ನನಗೆ ಧೈರ್ಯ ಇತ್ತು ಸಾರ್. ಹೀಗೆ ನೆಟ್ಟಗೆ ಕೂತು ದುರುಗುಟ್ಕೊಂಡು ನೋಡಬೇಡಿ.

ದೋಣಿ ವಿಷಯನಾ? ಅದನ್ನ ಯೋಚನೆ ಮಾಡ್ತಿದ್ದೀರಿ ಅಲ್ವಾ? ನನಗೆ ಗೊತ್ತಾಯ್ತು. ಯಾರೋ ಚಾಡಿ ಹೇಳಿದ್ದಾರೆ. ಹೂಂ, ಎಂಟನೇ ಧಕ್ಕೆ ಹತ್ರ ಸಣ್ಣ ದೋಣಿಗಳು ಸಾಲಾಗಿ ಕಟ್ಟಿದ್ವು. ಹಡಗಿನ ಬಾಲ ಹಿಡಿಯೋರಿಲ್ಲದೆ ಗಾಳಿಗೆ ಆ ಕಡೆಗೇ ತಿರುಗ್ತಿತ್ತು. ದೋಣಿಯಲ್ಲಿ ಜನ ಕೂತು ಬಣ್ಣ ಬಳೀತಿದ್ರು. ಒಂಬತ್ತು ಜನ. ನಾನು ಆಮೇಲೆ ಹೋಗಿ ಎಣಿಸ್ಕೊಂಡು ಬಂದೆ... ಅಂದ್ರೆ, ಅವರನ್ನ ಕೇಳ್ಕೊಂಡು ಬಂದೆ. ನಿನ್ನೆಯಿಂದ ನನಗೆ ಊಟ ಸೇರ್ತಿಲ್ಲ ಸಾರ್. ಒಂಬತ್ತು ಜನ.

ಏನಾದ್ರೂ ಮಾತಾಡಿ ಸಾರ್. ಬೈಯಿರಿ. ನಮ್ಮಪ್ಪ ಸುಮ್ನೆ ಕೂತ್ರೆ, ಅವರು ಕೇಳದೆ ಇರೋ ತಪ್ಪೂ ನಾನು ಒಪ್ಕೊಂಡುಬಿಡ್ತಿದ್ದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನೀವು ಕುಂಬಳಕಾಯಿ ಅಂತಲೂ ಅಂದಿಲ್ಲ, ಆಗಲೇ ನನ್ನ ಕೈ ಹೆಗಲ ಮೇಲಿದೆ.

ನಿಮ್ಮ ಕಾಲು ಬೇಕಾದ್ರೆ ಹಿಡೀತೀನಿ. ಬೇಡ್ವಾ? ಕೈಯಾದ್ರೂ ಕೊಡಿ. ಕೊಡಿ ಸಾರ್, ಈ ತೋಳು ಹಿಡ್ಕೊಂಡು ಕೇಳ್ತಿದ್ದೀನಿ, ಕೆಲಸದಿಂದ ಮಾತ್ರ...

ಇದೇನಿದು?

ಸಾರ್! ಸಾರ್, ನಿಮ್ಮ ತೋಳಲ್ಲಿ ಕೈಯೇ ಇಲ್ಲ!

...ಕೋಟು. ಕುರ್ಚಿ ಬೆನ್ನಿಗೆ ಹಾಕಿದ ಕೋಟು. ಇದು... ಇದು ಟೋಪಿ. ಬರೀ ಟೋಪಿ.

ಯಾರದು ಕೆಮ್ಮಿದ್ದು? ಹಿಂದೆ... ಬಾಗಿಲ ಹತ್ರನಾ? ನೀವಾ? ಯಾವಾಗ ಎದ್ದು ಹೋದ್ರಿ ಸಾರ್? ಆ ಹಾರ್ನ್ ಹೊಡೆದಾಗ?

ಹಾಗಾದ್ರೆ ಇಷ್ಟು ಹೊತ್ತು ನಾನು ಕೋಟಿನ ಹತ್ರ... ಒಂಬತ್ತು ಜನರ ವಿಷಯ... ನಮ್ಮಪ್ಪನ ವಿಷಯ...

ಈಗಲೂ ಮಾತಾಡಲ್ವಾ? ಬೇಡ. ಮಾತಾಡಬೇಡಿ. ನಾನೇ ಹೇಳ್ತೀನಿ.

ಕಾಣಲ್ಲ ಸಾರ್. ಪೊರೆ. ಎರಡೂ ಕಣ್ಣಿಗೆ. ಒಂದೂವರೆ ವರ್ಷ ಆಯ್ತು. ಎಲ್ಲಾ ಹಾಲು ಚೆಲ್ಲಿದ ಹಾಗೆ ಕಾಣತ್ತೆ. ಮಂಜು ಅಂದೆನಲ್ಲ, ಅದು ಸುಳ್ಳಲ್ಲ, ನನ್ನ ಮಂಜು ನಾನೇ ಹೊತ್ಕೊಂಡು ಓಡಾಡ್ತೀನಿ. ಪರೀಕ್ಷೆಯಲ್ಲಿ ಹೇಗೆ ಪಾಸಾದೆ ಅಂತೀರಾ? ಕಣ್ಣಿನ ಡಾಕ್ಟರ ಅಕ್ಷರದ ಹಲಗೆ ನನಗೆ ಬಾಯಿಪಾಠ. ಹೋದ ಸಲ ಅವರು ಹಲಗೆ ತೂಗುಹಾಕೋಕೆ ಮುಂಚೆನೇ ಪೂರ್ತಿ ಓದಿ ಮುಗಿಸಿದ್ದೆ. ಶಭಾಷ್ ಅಂದ್ರು ಪಾಪ.

ಆಪರೇಷನ್ನು ಸಾರ್... ಕಣ್ಣಿಗೆ ಸೂಜಿ ಅಂತಾರೆ. ಅಲೆ ಅಂದ್ರೆ ಹೆದರಿದವನಲ್ಲ, ಬಿರುಗಾಳಿಗೆ ಹೆದರಿದವನಲ್ಲ. ಸೂಜಿ ಅಂದ್ರೆ ಮಾತ್ರ ಆಸ್ಪತ್ರೆ ಗೇಟಿಂದಲೇ ವಾಪಸ್. ಮೇಲಾಗಿ, ಗೊತ್ತಾದ್ರೆ ಟಗ್‌ನಿಂದ ಇಳಿಸ್ತೀರಿ. ಇಳಿದ ಮೇಲೆ ನಾನು ಯಾರು? ಹೇಳಿ. ಕಸದ ಬುಟ್ಟಿ ಮೇಲೆ ಕೂರೋ ಒಬ್ಬ ಮನುಷ್ಯ.

ಮನೇಲಿ ಹೆಂಡತಿಗೂ ಗೊತ್ತಿಲ್ಲ. ಅತ್ತೆಗೆ ಗೊತ್ತಾಯ್ತು. ಒಂದು ದಿನ ಅವಳಿಗೆ ಜ್ವರ ಅಂತ ಇವರೇ ಡಬ್ಬಿ ತಂದ್ರು. ನಾನು ಲೋಟದ ಪಕ್ಕಕ್ಕೆ ಟೀ ಹುಯ್ಯೋದು ನೋಡಿದ್ರು. ಅವರಿಗೂ ಇದೇ ಪೊರೆ ಬಂದು ತೆಗೆಸ್ಕೊಂಡಿದ್ದಾರಲ್ಲ, ಕಂಡುಹಿಡಿದುಬಿಟ್ರು. ಮಾರನೇ ದಿನ ಡಬ್ಬಿ ಕೊಟ್ಟು ವಾಪಸ್ ಹೋಗಲಿಲ್ಲ, ನನ್ನ ಹಿಂದೆ ಸ್ಟೂಲ್ ಹಾಕ್ಕೊಂಡು ಕೂತ್ರು. ಕೂತು, ಎದುರಿನ ಗಾಜಿಗೆ ಹೇಳಿದ್ರು, ಎಡಗಡೆಯಿಂದ ಒಂದು ದೋಣಿ ಬರ್ತಿದೆ, ಯಾರಿಗಾದ್ರೂ ಬೇಕಾಗಬಹುದು, ಅಂತ.

ಒಂದು ವರ್ಷ ಸಾರ್. ಒಂದು ವರ್ಷದಿಂದ ನಿಮ್ಮ ಬಂದರಿಗೆ ಹಡಗು ತರ್ತಿರೋದು ನಾನಲ್ಲ. ನಮ್ಮತ್ತೆ. ಕೈ ನಂದು, ಕಣ್ಣು ಅವರದು. ನಿನ್ನೆ ಅವರು ಬಂದಿಲ್ಲ ಅಂತ ಗೊತ್ತಿದ್ದೂ ಟಗ್ ತೆಗೆದೆ. ಇಪ್ಪತ್ತೆಂಟು ವರ್ಷದ ಧಿಮಾಕು! ಅದೇ ನನ್ನ ತಪ್ಪು, ಬಣ್ಣ ಬಳಿದವರದ್ದಲ್ಲ.

...ಏನಿದು ಕೊಡ್ತಿರೋದು? ಕಾಗದ. ಏನು ಬರೆದಿದೆ ಸಾರ್? ಮನೆಗೆ ಹೋಗು ಅಂತಾನಾ? ಹೇಳಿಬಿಡಿ ಸಾರ್... ಹೇಳಲ್ಲ. ಸರಿ.

ಅತ್ತೇ!

ಅತ್ತೇ, ಒಳಗೆ ಬನ್ನಿ. ಹೂಂ, ನಿಮ್ಮನ್ನೇ ಕರೆದಿದ್ದು. ಗೋಡೆನ ಅಲ್ಲ. ಸ್ವಲ್ಪ ಇದನ್ನ ಓದಿ... ನಿಧಾನ, ಅಲ್ಲಿ ಕಸದ ಬುಟ್ಟಿ ಇದೆ... ನಿಮಗೆ ಕಾಣತ್ತೆ, ಗೊತ್ತು.

ಕಣ್ಣಾಸ್ಪತ್ರೆನಾ? ನಾಳೆ ಬೆಳಿಗ್ಗೆ ಒಂಬತ್ತಕ್ಕೆ? ನಾಳೆನೇ! ಕೆಳಗೆ ಏನಿದೆ? ಜೊತೆಗೆ ಬರುವವರ ಹೆಸರು... ನಿಮ್ಮದೇ ಬರೆದಿದ್ದಾರಾ! ಹಾಗಾದ್ರೆ ಸಾಹೇಬ್ರಿಗೆ ಮೊದಲೇ ಎಲ್ಲಾ ಗೊತ್ತಿತ್ತು!

ಸಾರ್, ಕಣ್ಣು ಸರಿ ಹೋದ್ಮೇಲೆ... ಮತ್ತೆ ಟಗ್ ಕೊಡ್ತೀರಾ? ಸುಳ್ಳು ಹೇಳಿದವನಿಗೆ ಕೊಡಲ್ಲ ಅಂದ್ರೂ ಸರಿ, ನ್ಯಾಯ ಅದು. ಒಂದು ಮಾತು ಹೇಳಿಬಿಡಿ. ಕೊಡ್ತೀರಾ?

...ಏನೋ ಅಲ್ಲಾಡಿದ ಹಾಗಾಯ್ತು. ತಲೆ ಆಡಿಸಿದ್ರಾ? ಅತ್ತೇ, ಸಾಹೇಬ್ರು ತಲೆ ಹೇಗೆ ಆಡಿಸಿದ್ರು? ಮೇಲೆ ಕೆಳಗಾ, ಆ ಕಡೆ ಈ ಕಡೆನಾ? ಗಡಿಯಾರಕ್ಕೆ ಹೇಳಬೇಡಿ ಅತ್ತೇ, ನನಗೇ ಹೇಳಿ!

ಮೇಲೆ ಕೆಳಗೆ? ಎರಡು ಸಲ?